ಡಿಕ್ಕಿನಾ, ಅಟ್ಟನಾ?

ನಮ್ಮ ಕಾರಿನ ಡಿಕ್ಕಿ ತೆಗೆದವರೆಲ್ಲ ಇದನ್ನು ಕೇಳಿದ್ದಾರೆ. ನಾದಿನಿ ಕೇಳಿದ್ದಾಳೆ, ಪಕ್ಕದ ಮನೆ ಆಂಟಿ ಕೇಳಿದ್ದಾರೆ. ಪಂಚರ್ ಅಂಗಡಿ ಹುಡುಗನಂತೂ ಸ್ಟೆಪ್ನಿ ತೆಗೆಯಲು ಒಂದೊಂದೇ ಸಾಮಾನು ಕೆಳಗಿಳಿಸುತ್ತಾ "ಮೇಡಂ, ಮನೆ ಖಾಲಿ ಮಾಡ್ತಿದ್ದೀರಾ?" ಅಂದ. ಇಷ್ಟೆಲ್ಲ ಯಾಕೆ ಹೊತ್ತುಕೊಂಡು ತಿರುಗ್ತೀರಾ ಅನ್ನೋದು ಪ್ರಶ್ನೆ. ಒಂದೇ ಸಲ ಬರೆದು ಬಿಡ್ತೀನಿ, ಇನ್ಮೇಲೆ ಕೇಳಿದವರಿಗೆ ಇದನ್ನೇ ಕಳಿಸಬಹುದು.

ನಾವಿರೋದು ಮೈಸೂರಿನಲ್ಲಿ. ಬೆಂಗಳೂರಿನವರ ಹಾಗೆ ಊರು ದಾಟೋದಕ್ಕೇ ಎರಡು ಗಂಟೆ ಬೇಡ. ಅರ್ಧ, ಮುಕ್ಕಾಲು ಗಂಟೆ ಓಡಿಸಿದರೆ ಶ್ರೀರಂಗಪಟ್ಟಣದ ಸಂಗಮ, ಬಲಮುರಿ. ಇನ್ನೂ ಸ್ವಲ್ಪ ಹೊತ್ತಿದ್ದರೆ ಮೇಲುಕೋಟೆ. ಇಷ್ಟಿದ್ದೂ ಮೊದಲು ನಾವು ಎಲ್ಲಿಗೂ ಹೋಗುತ್ತಿರಲಿಲ್ಲ. ಭಾನುವಾರ ಮೂರು ಗಂಟೆಗೆ ಯಾರಾದರೂ "ಸುಮ್ನೆ ಹೊರಗೆ ಹೋಗಿ ಬರೋಣ್ವಾ" ಅನ್ನುತ್ತಿದ್ದರು. ಚಾಪೆ ಎಲ್ಲಿ, ಬಾಟಲಿಗೆ ನೀರು ಯಾರು ತುಂಬಿಸ್ತಾರೆ, ಮಗನಿಗೆ ಇನ್ನೊಂದು ಚಡ್ಡಿ ತಗೋ, ಅತ್ತೆಯ ಸ್ವೆಟರ್ ಯಾವ ಬೀರುವಿನಲ್ಲಿದೆ ಅಂತ ಹುಡುಕುವಷ್ಟರಲ್ಲಿ ನಾಲ್ಕೂವರೆ ಆಗಿ, ಯಾರೋ ಟಿವಿ ಹಾಕಿ ಕೂತಿರುತ್ತಿದ್ದರು. ಅಲ್ಲಿಗೆ ಮುಗೀತು. ಹೊರಡೋಣ ಅನ್ನೋ ಆಸೆಗೆ ಇಪ್ಪತ್ತು ನಿಮಿಷ ಆಯಸ್ಸು, ಅಷ್ಟರಲ್ಲಿ ಗಾಡಿ ಸ್ಟಾರ್ಟ್ ಆಗಬೇಕು. ಡಿಕ್ಕಿ ತುಂಬಿದ್ದು ಅದಕ್ಕೇ.

ಮೊದಲು ಹೋದದ್ದು ಜಮಖಾನ. ಅದು ತಪ್ಪು. ಹುಲ್ಲಿನ ಮುಳ್ಳೆಲ್ಲ ಅಂಟಿಕೊಂಡು ಎರಡು ದಿನ ಕೂತು ಕಿತ್ತೆ. ಈಗ ಪ್ಲಾಸ್ಟಿಕ್ ಚಾಪೆ, ಒದರಿದರೆ ಆಯ್ತು. 5 ಲೀಟರಿನ ಒಂದು ಕ್ಯಾನ್ ನೀರು ಇರುತ್ತದೆ, ಕೈಕಾಲು ತೊಳೆಯಲು ಮಾತ್ರ. ಬಿಸಿಲಿನಲ್ಲಿ ವಾರಗಟ್ಟಲೆ ಕಾದ ಪ್ಲಾಸ್ಟಿಕ್ ಕ್ಯಾನಿನ ನೀರು ಕುಡಿಯಬಾರದು, ಕುಡಿಯುವ ನೀರು ಹೊರಡುವಾಗಲೇ ತುಂಬಬೇಕು. ಕೊಡೆ, ಟಾರ್ಚ್, ಟವೆಲ್, ಬೆಟ್ಟದ ತಿರುವಿನಲ್ಲಿ ವಾಂತಿ ಮಾಡುವ ಮಗನಿಗೆ ನಾಲ್ಕು ಕವರ್. ಇದಕ್ಕೆಲ್ಲ ವಿವರ ಬೇಡ ಅಲ್ವಾ.

ಆದರೆ ಮಡಚುವ ಸ್ಟೂಲ್ ಬಗ್ಗೆ ಹೇಳಲೇಬೇಕು. ಅತ್ತೆ ಯಾವಾಗಲೂ "ನೀವು ಹೋಗ್ಬನ್ನಿ, ನಾನು ಮನೆ ನೋಡ್ಕೋತೀನಿ" ಅನ್ನುತ್ತಿದ್ದರು. ಅವರಿಗೆ ಸುತ್ತಾಟ ಇಷ್ಟ ಇಲ್ಲ ಅಂತ ವರ್ಷಗಟ್ಟಲೆ ನಂಬಿದ್ದೆವು. ವಿಷಯ ಏನು ಅಂದ್ರೆ, ಮಂಡಿ ನೋವು. ನೆಲದ ಮೇಲೆ ಕೂತರೆ ಏಳಿಸೋದಕ್ಕೆ ಇಬ್ಬರು ಬೇಕು, ಜನರ ಮುಂದೆ ಹಾಗೆ ಏಳೋದು ಅವರಿಗೆ ನಾಚಿಕೆ. ಸ್ಟೂಲ್ ಬಂದ ಮೇಲೆ ಎಲ್ಲರಿಗಿಂತ ಮೊದಲು ಚಪ್ಪಲಿ ಹಾಕಿಕೊಂಡು ನಿಲ್ಲುವವರು ಅವರೇ.

ಎಲ್ಲರಿಗೂ ಒಂದೊಂದು ಜೊತೆ ಬಟ್ಟೆ ಒಂದು ಚೀಲದಲ್ಲಿದೆ. ಬಲಮುರಿಯಲ್ಲಿ ಕಾವೇರಿ ನೀರು ಕಟ್ಟೆಯ ಮೇಲಿಂದ ಹರಿಯುತ್ತದೆ, "ಕಾಲು ಮಾತ್ರ ಇಡ್ತೀವಮ್ಮ" ಅಂತ ಮಾತು ಕೊಟ್ಟ ಮಕ್ಕಳು ಐದು ನಿಮಿಷದಲ್ಲಿ ಕತ್ತಿನ ತನಕ ಒದ್ದೆ. (ಕೆಆರ್‌ಎಸ್‌ನಿಂದ ನೀರು ಬಿಟ್ಟ ದಿನ ಅಲ್ಲಿಗೆ ಹೋಗಲೇಬೇಡಿ, ಬಿಡೋದೂ ಇಲ್ಲ.) ಜಂಬದಿಂದ ಚೀಲ ತೆಗೆದೆ. ಮಗಳ ಫ್ರಾಕ್ ಎರಡು ವರ್ಷ ಹಳೆಯದು, ತಲೆಯೇ ತೂರಲಿಲ್ಲ. ಅಪ್ಪನ ಪಂಚೆ ಸುತ್ತಿಕೊಂಡು ಮನೆಗೆ ಬಂದಳು. ಈಗ ಯುಗಾದಿಗೊಮ್ಮೆ, ದಸರಾಗೊಮ್ಮೆ ಆ ಚೀಲದ ಬಟ್ಟೆ ಬದಲಾಯಿಸುತ್ತೇನೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಒಂದು ಪುಟ್ಟ ಸ್ಟೀಲ್ ಡಬ್ಬಿ. ಅದರಲ್ಲಿ ಉಪ್ಪು, ಖಾರದ ಪುಡಿ, ತೇವ ಎಳೆಯಲು ನಾಲ್ಕು ಅಕ್ಕಿ ಕಾಳು. ಪಕ್ಕದಲ್ಲೊಂದು ಚಾಕು. ದಾರಿಯಲ್ಲಿ ಸೀಬೆಕಾಯಿ ಕಂಡರೆ ಸೀಬೆಕಾಯಿ, ತೋತಾಪುರಿ ಕಂಡರೆ ತೋತಾಪುರಿ, ಕಾರಿನ ಬಾನೆಟ್ ಮೇಲೆ ಪೇಪರ್ ಹಾಸಿ ಹೆಚ್ಚಿ ತಿನ್ನೋದು. ಮೇಲುಕೋಟೆಯಲ್ಲಿ, ಕಟ್ಟಿ ಮುಗಿಸದೆ ಬಿಟ್ಟಿರುವ ಆ ರಾಯಗೋಪುರದ ಹತ್ತಿರ ಚಾಪೆ ಹಾಸಿ ಪುಳಿಯೋಗರೆ ಪೊಟ್ಟಣ ಬಿಚ್ಚುತ್ತಿದ್ದೆವು. ಮಂಗ ಬಂತು. ಎಲ್ಲರೂ ಪುಳಿಯೋಗರೆ ಬಚ್ಚಿಟ್ಟರೆ ಅದು ಡಬ್ಬಿ ಎತ್ತಿಕೊಂಡು ಹೋಗಿ ಕಂಬದ ಬುಡದಲ್ಲಿ ಕೂತು, ಮುಚ್ಚಳ ಕಿತ್ತು, ಒಂದು ಸಲ ಮೂಸಿ, ಸೀನಿ, ಡಬ್ಬಿಯನ್ನು ನಮ್ಮ ಕಡೆಗೇ ಬಿಸಾಡಿತು. ಅತ್ತೆ ಸ್ಟೂಲ್ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಡಬ್ಬಿಯ ಮೂಲೆ ಇನ್ನೂ ನೆಗ್ಗಿದೆ.

ಇಡಬಾರದ್ದು ಏನು ಅಂತ ಯಾರೂ ಕೇಳಲ್ಲ, ಅದೇ ಮುಖ್ಯ. ಪವರ್ ಬ್ಯಾಂಕ್, ಲೈಟರ್, ಸೆಂಟ್ ಸ್ಪ್ರೇ ಬೇಡ, ಬಿಸಿಲಿಗೆ ನಿಂತ ಕಾರು ಒಲೆ ಇದ್ದ ಹಾಗೆ. ಮಾತ್ರೆಗಳೂ ಆ ಬಿಸಿಗೆ ಕೆಡುತ್ತವೆ, ಅವು ಕೈಚೀಲದಲ್ಲಿರಲಿ. ತಿಂಡಿಯಂತೂ ಬೇಡವೇ ಬೇಡ. ಮರೆತು ಬಿಟ್ಟ ಅರ್ಧ ಪೊಟ್ಟಣ ಚಕ್ಕುಲಿಗೆ ಇಲಿ ಬಂದು ವೈರ್ ಕಡಿದು, ಹಾರ್ನ್ ಇಲ್ಲದೆ ಒಂದು ವಾರ ಓಡಿಸಿದ್ದೇನೆ.

ಭಾರಕ್ಕೆ ಪೆಟ್ರೋಲ್ ಜಾಸ್ತಿ ಕುಡಿಯಲ್ವಾ ಅನ್ನೋದು ಭಾವನ ಪ್ರಶ್ನೆ. ಎಲ್ಲ ಸೇರಿ 12 ಕೆಜಿ ಭಾವ, 25 ಕೆಜಿ ಅಕ್ಕಿ ಮೂಟೆಯ ಅರ್ಧವೂ ಇಲ್ಲ. ಪಂಚರ್ ಹುಡುಗನ ಮಾತಿಗೆ ನಾಚಿಕೆಯಾಗಿ ಈಗ ಎಲ್ಲವನ್ನೂ ಎರಡು ಪ್ಲಾಸ್ಟಿಕ್ ಟಬ್‌ಗೆ ಹಾಕಿದ್ದೇನೆ. ಎರಡು ಎತ್ತಿದರೆ ಸ್ಟೆಪ್ನಿ ಸಿಗುತ್ತದೆ. ಜ್ಯಾಕ್, ಸ್ಪ್ಯಾನರ್, ಕೆಂಪು ತ್ರಿಕೋನದ ಮೇಲೆ ಏನೂ ಇಡೋದಿಲ್ಲ.

ಕಷ್ಟ ಇರೋದು ಇಡೋದರಲ್ಲಲ್ಲ, ತೆಗೆದದ್ದು ವಾಪಸ್ ಬರೋದರಲ್ಲಿ. ತೊಳೆದ ಚಾಪೆ ತಾರಸಿಯಲ್ಲೇ ಉಳಿದು ಸಂಗಮದಲ್ಲಿ ಪೇಪರ್ ಮೇಲೆ ಕೂತಿದ್ದೇವೆ. ಸದ್ಯಕ್ಕೆ ಟಾರ್ಚಿನ ಸೆಲ್ ಟಿವಿ ರಿಮೋಟಿನಲ್ಲಿದೆ. ಯಾರು ಹಾಕಿದ್ದು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು, ಒಪ್ಪಿಕೊಳ್ಳುವವರು ಮಾತ್ರ ಯಾರೂ ಇಲ್ಲ.