ಹುಣಸೂರು ರಸ್ತೆಯ ಎರಡು ಸೊಪ್ಪು

ಮೈಸೂರು ಬಿಟ್ಟು ಇಲವಾಲ, ಬಿಳಿಕೆರೆ ದಾಟುತ್ತಿದ್ದಂತೆ ಹೊಲಗಳ ನಡುವೆ ಬ್ಯಾರನ್ ಮನೆಗಳು ಕಾಣತೊಡಗುತ್ತವೆ. ಎತ್ತರದ ಗೋಡೆ, ಪಕ್ಕದಲ್ಲಿ ಸೌದೆ ರಾಶಿ. ಹಸಿ ಹೊಗೆಸೊಪ್ಪನ್ನು ಕೋಲಿಗೆ ಕಟ್ಟಿ ಒಳಗೆ ನೇತುಹಾಕಿ ಸುಮಾರು ಒಂದು ವಾರ ಬೇಯಿಸುತ್ತಾರೆ. ಮೊದಲು ಸಣ್ಣ ಶಾಖದಲ್ಲಿ ಎಲೆ ಹಳದಿಗೆ ತಿರುಗಬೇಕು, ಆಮೇಲೆ ಒಣಗಬೇಕು, ಕೊನೆಗೆ 70 ಡಿಗ್ರಿ ಆಸುಪಾಸಿನಲ್ಲಿ ನಡುದಂಟಿನ ನೀರು ಆರಬೇಕು. ಅವಸರದಲ್ಲಿ ಶಾಖ ಏರಿಸಿದರೆ ಹಸಿರು ಉಳಿದು ದರ ಬೀಳುತ್ತದೆ. ದಂಟು ಹಸಿ ಇದ್ದರೆ ಬೇಲ್ (ಕಟ್ಟಿದ ಸೊಪ್ಪಿನ ಹೊರೆ) ಒಳಗೆ ಬೂಷ್ಟು.

ಹುಣಸೂರು ಪಕ್ಕದ ಕಟ್ಟೆಮಳಲವಾಡಿ ಹರಾಜು ಮಾರುಕಟ್ಟೆಯನ್ನು ಹರಾಜಿನ ದಿನಗಳಲ್ಲೇ ನೋಡಬೇಕು. ಸಾಲಾಗಿ ಇಟ್ಟ ಬೇಲ್‌ಗಳು, ಪ್ರತಿಯೊಂದಕ್ಕೂ ಚೀಟಿ. ಖರೀದಿದಾರರು ಎಲೆ ಹಿಸುಕಿ ನೋಡುತ್ತಾ, ದರ ಕೊಡುತ್ತಾ ಮುಂದೆ ಸಾಗುತ್ತಾರೆ. ಇದರ ಹಿಂದಿರುವುದು 1975ರ ತಂಬಾಕು ಮಂಡಳಿ ಕಾಯ್ದೆ. ಬೆಳೆಗಾರ ನೋಂದಾಯಿಸಿಕೊಳ್ಳಬೇಕು, ಬ್ಯಾರನ್‌ಗೆ ಲೈಸೆನ್ಸ್ ಬೇಕು, ಎಷ್ಟು ಬೆಳೆಯಬೇಕೆಂದು ಮಂಡಳಿ ಹೇಳುತ್ತದೆ, ಮೀರಿ ಬೆಳೆದರೆ ದಂಡ. ವರ್ಷಕ್ಕೆ ಪ್ರಪಂಚದಲ್ಲಿ 70 ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲುವ ಸೊಪ್ಪು ಇದು. ಆದರೂ ಯಾರ ಹೊಲದ್ದು, ಯಾರು ಕೊಂಡರು, ಎಷ್ಟು ತೂಗಿತು ಎಂಬುದೆಲ್ಲ ದಾಖಲೆಯಲ್ಲಿದೆ.

ಹುಣಸೂರಿನಿಂದ ಎಚ್.ಡಿ. ಕೋಟೆ ಕಡೆಗೆ ತಿರುಗಿ. ಕಾಡಂಚಿನ ಇಂಥ ಸೀಮೆಗಳಲ್ಲಿ ಬೇರೆ ಬೆಳೆಯ ಮರೆಯಲ್ಲಿ ಗಾಂಜಾ ಗಿಡ ಸಿಕ್ಕಿತು, ಕಿತ್ತು ಸುಟ್ಟರು ಎಂಬ ಸುದ್ದಿ ಹೊಸದಲ್ಲ. ಈ ಸೊಪ್ಪಿಗೆ ಚೀಟಿಯೂ ಇಲ್ಲ, ತೂಕವೂ ಇಲ್ಲ. ಪೊಟ್ಟಣದಲ್ಲಿ ಬೂಷ್ಟಿದೆಯೋ, ಕೀಟನಾಶಕವಿದೆಯೋ, ಅಮಲಿನ ಅಂಶವಾದ ಟಿಎಚ್‌ಸಿ ಎಷ್ಟಿದೆಯೋ ಮಾರುವವನಿಗೇ ಗೊತ್ತಿಲ್ಲ. ಕೊಳ್ಳುವ ಹುಡುಗನ ವಯಸ್ಸನ್ನು ಅವನು ಕೇಳುವುದೂ ಇಲ್ಲ. ನಮ್ಮ ತಕರಾರು ಇರುವುದು ಇಲ್ಲೇ. ಗಾಂಜಾ ನಿರಪಾಯಕಾರಿಯಲ್ಲ, ಹದಿಹರೆಯದಲ್ಲಿ ದಿನವೂ ಗಡಸು ಮಾಲು ಸೇದುವವರಿಗೆ ಮನೋರೋಗದ ಅಪಾಯ ಹೆಚ್ಚು. ಅದಕ್ಕಾಗಿಯೇ ಇದು ಲೈಸೆನ್ಸ್ ಇರುವ ಅಂಗಡಿಯೊಳಗೆ ಬರಬೇಕು.

ಗಾಂಜಾ, ಭಂಗಿಯ ಬಗ್ಗೆ ಬ್ರಿಟಿಷ್ ಸರ್ಕಾರ ನೇಮಿಸಿದ್ದ 1893–94ರ ಹೆಂಪ್ ಡ್ರಗ್ಸ್ ಆಯೋಗ ದೇಶವೆಲ್ಲ ಸುತ್ತಿ, ಪೂರ್ತಿ ನಿಷೇಧ ಬೇಡ, ತೆರಿಗೆ ಮತ್ತು ಪರವಾನಗಿಯಿಂದ ಹತೋಟಿಯಲ್ಲಿಡಿ ಎಂದಿತ್ತು. ಮಾದಕವಸ್ತುಗಳನ್ನು ನಿಷೇಧಿಸುವ 1985ರ ಎನ್‌ಡಿಪಿಎಸ್ ಕಾಯ್ದೆ ಹೂ ತೆನೆಯನ್ನು ಗಾಂಜಾ ಎಂದು ಕರೆದು, ತೆನೆ ಸೇರದ ಎಲೆ, ಬೀಜಗಳನ್ನು ಹೊರಗಿಟ್ಟಿತು. ಭಂಗಿ ಉಳಿದುಕೊಂಡದ್ದು ಹೀಗೆ. ಗಾಂಜಾ 1 ಕಿಲೋವರೆಗೆ ಸಿಕ್ಕರೆ ಒಂದು ವರ್ಷದವರೆಗೆ ಜೈಲು, 20 ಕಿಲೋ ದಾಟಿದರೆ ಕನಿಷ್ಠ ಹತ್ತು ವರ್ಷ. 10ನೇ ಕಲಂ ರಾಜ್ಯಕ್ಕೆ ಪರವಾನಗಿ ಕೊಡುವ ಅಧಿಕಾರ ಕೊಟ್ಟಿದ್ದರೂ, 8ನೇ ಕಲಂ ಅದನ್ನು ವೈದ್ಯಕೀಯ, ವೈಜ್ಞಾನಿಕ ಉದ್ದೇಶಕ್ಕೆ ಕಟ್ಟಿಹಾಕುತ್ತದೆ. ಹಾಗಾಗಿ ತಿದ್ದುಪಡಿ ಸಂಸತ್ತಿನಲ್ಲೇ ಆಗಬೇಕು.

ತಿದ್ದಿದ ಮೇಲಿನ ಕೆಲಸಕ್ಕೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಬೆಳೆಗೆ ಕಟ್ಟೆಮಳಲವಾಡಿಯ ಪದ್ಧತಿ ಇದೆ: ನೋಂದಣಿ ಕಾರ್ಡು, ಮಿತಿ, ಒಂದೇ ಮಾರುಕಟ್ಟೆ. ಸಗಟಿಗೆ, ಮದ್ಯವನ್ನೆಲ್ಲ ತನ್ನ ಡಿಪೋಗಳ ಮೂಲಕವೇ ಹಾಯಿಸುವ ಕರ್ನಾಟಕ ರಾಜ್ಯ ಪಾನೀಯ ನಿಗಮ ಇದೆ. ಇದಕ್ಕೆ ಪ್ರಯೋಗಾಲಯವೊಂದು ಸೇರಬೇಕು: ಪ್ರತಿ ಲಾಟಿನಲ್ಲೂ ಟಿಎಚ್‌ಸಿ, ತೇವ, ಬೂಷ್ಟು, ಕೀಟನಾಶಕ ಅಳೆದು ಪೊಟ್ಟಣದ ಮೇಲೆ ಅಚ್ಚು ಹಾಕಬೇಕು.

ತೆರಿಗೆಯಲ್ಲಿ ಎಡವುವುದು ಸುಲಭ. ಗಾಂಜಾವನ್ನು ಕಾನೂನುಬದ್ಧ ಮಾಡಿದ ಕೆನಡಾ 2018ರಲ್ಲಿ ಗ್ರಾಂಗೆ 1 ಡಾಲರ್ ಅಥವಾ ಬೆಲೆಯ ಶೇ. 10, ಯಾವುದು ಹೆಚ್ಚೋ ಅದು ಎಂದು ಸುಂಕ ಇಟ್ಟಿತು. ಗ್ರಾಂಗೆ 10 ಡಾಲರ್ ಸಿಗುವಾಗ ಅದು ಹತ್ತರಲ್ಲೊಂದು ಪಾಲು. ಬೆಲೆ 4 ಡಾಲರ್‌ಗೆ ಇಳಿದರೆ ಕಾಲು ಪಾಲು, ಬೆಳೆಗಾರ ಕಂಗಾಲು. ಕ್ಯಾಲಿಫೋರ್ನಿಯಾ ಬೆಳೆಯ ಮೇಲೂ ಮಾರಾಟದ ಮೇಲೂ ತೆರಿಗೆ ಹೇರಿತು. ಅನೇಕ ಊರುಗಳು ಅಂಗಡಿಗೆ ಒಪ್ಪಲಿಲ್ಲ. ಕಳ್ಳಮಾಲು ಹಾಗೇ ಉಳಿಯಿತು, 2022ರಲ್ಲಿ ಬೆಳೆ ತೆರಿಗೆಯನ್ನೇ ಕೈಬಿಡಬೇಕಾಯಿತು. ನಮ್ಮಲ್ಲಿ ತೂಕಕ್ಕಿಂತ ಟಿಎಚ್‌ಸಿ ಲೆಕ್ಕದಲ್ಲಿ ತೆರಿಗೆ ಹಾಕುವುದು ಮೇಲು. ಮೊದಲು ಕಡಿಮೆ ಇಟ್ಟು, ಕಳ್ಳಮಾಲು ಸೊರಗಿದ ಮೇಲೆ ಏರಿಸಬೇಕು.

ತಿನ್ನುವ ರೂಪದ್ದು ಬೇರೆಯೇ ತೊಂದರೆ. ಹೊಗೆಯ ಅಮಲು ನಿಮಿಷಗಳಲ್ಲಿ ಏರಿದರೆ, ತಿಂದದ್ದು ಏರಲು ಅರ್ಧ ಗಂಟೆಯಿಂದ ಎರಡು ಗಂಟೆ ಬೇಕು. ಏನೂ ಆಗಲಿಲ್ಲವೆಂದು ಇನ್ನೊಂದು ತುಂಡು ತಿಂದು ಆಸ್ಪತ್ರೆ ಸೇರುವವರಿದ್ದಾರೆ. ಕೆನಡಾ ಒಂದು ಪೊಟ್ಟಣಕ್ಕೆ 10 ಮಿಲಿಗ್ರಾಂ ಟಿಎಚ್‌ಸಿ ಮಿತಿ ಇಟ್ಟದ್ದು ಅದಕ್ಕೇ. ನಮಗೂ ಅಷ್ಟೇ ಸಾಕು.

ಕೋಟೆಯಿಂದ ಮೈಸೂರಿಗೆ ಮರಳುವ ದಾರಿಯಲ್ಲಿ ಬೈಕುಗಳ ಓಡಾಟ ನೋಡಿದರೆ ವಾಹನದ ಪ್ರಶ್ನೆ ಏಳುತ್ತದೆ. ಅಮಲಿನಲ್ಲಿ ಗಾಡಿ ಓಡಿಸುವುದು ಅಪರಾಧವಾಗಿಯೇ ಇರಬೇಕು. ಆದರೆ ಮೂತ್ರ ಪರೀಕ್ಷೆ ನೆಚ್ಚಬಾರದು. ದಿನವೂ ಸೇದುವವರಲ್ಲಿ ಕುರುಹು ವಾರಗಟ್ಟಲೆ ಉಳಿಯುತ್ತದೆ, ಆ ಹೊತ್ತಿಗೆ ಅಮಲಿತ್ತೇ ಎಂದು ಅದು ಹೇಳದು. ನಡಿಗೆ, ಕಣ್ಣು, ಸಮತೋಲ ನೋಡಿ ಗುರುತಿಸುವ ತರಬೇತಿ ಪೊಲೀಸರಿಗೆ ಬೇಕು.

ಹಳೇ ಕೇಸುಗಳನ್ನೂ ಮರೆಯುವಂತಿಲ್ಲ. ಒಂದು ಪೊಟ್ಟಣಕ್ಕೆ ಸಿಕ್ಕಿಬಿದ್ದ ಹುಡುಗನಿಗೆ ಪಾಸ್‌ಪೋರ್ಟ್, ಕೆಲಸದ ಪೊಲೀಸ್ ಪರಿಶೀಲನೆ ಎಲ್ಲದರಲ್ಲೂ ಅದೇ ತೊಡಕು. ಬರೀ ಇಟ್ಟುಕೊಂಡದ್ದಕ್ಕೆ ಶಿಕ್ಷೆಯಾದವರ ದಾಖಲೆಯನ್ನು ಶುಲ್ಕವಿಲ್ಲದೆ ಬದಿಗಿಡಲು ಕೆನಡಾ 2019ರಲ್ಲಿ ಬೇರೆ ಕಾನೂನು ತರಬೇಕಾಯಿತು. ನಮ್ಮಲ್ಲಿ ಆ ಕಲಂ ಮೊದಲ ಮಸೂದೆಯಲ್ಲೇ ಇರಲಿ.