ಖಾಲಿ ಚೌಕಗಳು

2024 ಆಗಸ್ಟ್ 11, ಭಾನುವಾರ
ಮೈಸೂರು

ನಾಳೆ ಎಂ.ಎಸ್ಸಿ. ತರಗತಿಗೆ ವಂಶಾವಳಿಯ ಪಾಠ. ಪ್ರತಿ ವರ್ಷ ವಿಕ್ಟೋರಿಯಾ ರಾಣಿಯನ್ನೂ ಅವಳ ಮನೆತನದ ಹಿಮೋಫಿಲಿಯಾವನ್ನೂ ಬೋರ್ಡಿನ ಮೇಲೆ ಬರೆದು ನನಗೇ ಸಾಕಾಗಿದೆ. ಈ ಸಲ ಹುಟ್ಟಿನಿಂದ ಬರುವ ಹೃದಯದೋಷಗಳನ್ನು ಹಿಡಿದುಕೊಳ್ಳೋಣ ಎಂದು ಕ್ರಿಸ್ಟೀನ್ ಸೀಡ್‌ಮನ್ ಅವರ ಸಂಶೋಧನಾ ಪ್ರಬಂಧಗಳನ್ನು ಇಸವಿಯ ಕ್ರಮದಲ್ಲಿ ಜೋಡಿಸಿಕೊಂಡು ಬೆಳಗಿನಿಂದ ಕುಳಿತಿದ್ದೇನೆ. ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಅವರದು ಗಂಡ ಜೊನಾಥನ್ ಸೀಡ್‌ಮನ್ ಜೊತೆ ಸೇರಿ ನಡೆಸುವ ಪ್ರಯೋಗಾಲಯ. ಆಕೆ ಹೃದ್ರೋಗ ವೈದ್ಯೆ, ಆತ ಅಣುಮಟ್ಟದ ತಳಿವಿಜ್ಞಾನಿ. 1990ರಲ್ಲಿ ಹೃದಯದ ಸ್ನಾಯು ದಪ್ಪವಾಗುವ ಆನುವಂಶಿಕ ಕಾಯಿಲೆಗೆ ಸ್ನಾಯುವನ್ನು ಕುಗ್ಗಿಸುವ ಮಯೋಸಿನ್ ಎಂಬ ಪ್ರೋಟೀನಿನ ಜೀನಿನಲ್ಲಿರುವ ದೋಷ ಕಾರಣ ಎಂದು ತೋರಿಸಿದವರು ಇವರೇ. ಹುಟ್ಟುದೋಷಗಳ ಕಡೆಗೆ ಬಂದದ್ದು ಆಮೇಲೆ.

ವಂಶಾವಳಿ ಬರೆಯುವ ಕ್ರಮ ಎಲ್ಲರಿಗೂ ಗೊತ್ತು: ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ರೋಗ ಇದ್ದವರಿಗೆ ಕಪ್ಪು ತುಂಬುವುದು, ಇಲ್ಲದವರನ್ನು ಖಾಲಿ ಬಿಡುವುದು. ವಿದ್ಯಾರ್ಥಿಗಳ ಕಣ್ಣು ಸೀದಾ ಕಪ್ಪಿನ ಮೇಲೆ ಹೋಗುತ್ತದೆ. ನನ್ನದೂ ಬಹಳ ಕಾಲ ಹಾಗೆಯೇ ಹೋಗುತ್ತಿತ್ತು. ಈ ಪ್ರಬಂಧಗಳನ್ನು ಒಂದರ ಹಿಂದೆ ಒಂದು ಓದಿದಾಗ ಮಾತ್ರ ನಿಜವಾದ ಕಷ್ಟವೆಲ್ಲ ಖಾಲಿ ಬಿಟ್ಟವರಲ್ಲಿದೆ ಎನಿಸುತ್ತದೆ.

ಮೊದಲು ಹೋಲ್ಟ್-ಒರಾಮ್ ಸಿಂಡ್ರೋಮ್. 1960ರಲ್ಲಿ ಲಂಡನ್ನಿನ ಮೇರಿ ಹೋಲ್ಟ್ ಮತ್ತು ಸ್ಯಾಮ್ಯುಯೆಲ್ ಒರಾಮ್ ಎಂಬ ವೈದ್ಯರು ಒಂದೇ ಮನೆತನದ ನಾಲ್ಕು ತಲೆಮಾರುಗಳಲ್ಲಿ ಒಂದು ವಿಚಿತ್ರ ಜೋಡಿಯನ್ನು ಗಮನಿಸಿದರು. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ರಂಧ್ರ. ಜೊತೆಗೆ ಹೆಬ್ಬೆರಳು ಉಳಿದ ಬೆರಳುಗಳ ಸಾಲಿನಲ್ಲೇ ನಿಂತಿರುವುದು. ಎದೆಗೂ ಹೆಬ್ಬೆರಳಿಗೂ ಎತ್ತಣಿಂದೆತ್ತ ಸಂಬಂಧ? ಉತ್ತರಕ್ಕೆ 1997ರವರೆಗೆ ಕಾಯಬೇಕಾಯಿತು. ಆ ವರ್ಷ ಸೀಡ್‌ಮನ್ ತಂಡವೂ ಇಂಗ್ಲೆಂಡಿನ ಇನ್ನೊಂದು ತಂಡವೂ ಬೇರೆಬೇರೆಯಾಗಿ ಹನ್ನೆರಡನೆಯ ವರ್ಣತಂತುವಿನ ಟಿಬಿಎಕ್ಸ್5 ಎಂಬ ಜೀನಿಗೆ ಬಂದು ತಲುಪಿದವು. ಭ್ರೂಣದಲ್ಲಿ ಕೈ ಮೊಳೆಯುವಲ್ಲೂ ಹೃದಯ ರೂಪುಗೊಳ್ಳುವಲ್ಲೂ ಇದೇ ಜೀನ್ ದುಡಿಯುತ್ತದೆ. ಎರಡು ಪ್ರತಿಗಳಲ್ಲಿ ಒಂದು ಕೆಟ್ಟರೆ ಉಳಿದ ಅರ್ಧ ಪ್ರಮಾಣದ ಪ್ರೋಟೀನು ಸಾಲುವುದಿಲ್ಲ.

ಆದರೆ ಈ ದೋಷ ಹೊತ್ತವರೆಲ್ಲರ ಕೈಯಲ್ಲಿ ಏನಾದರೊಂದು ಗುರುತು ಇದ್ದರೂ ಹೃದಯದ ತೊಂದರೆ ಕಾಣುವುದು ಸುಮಾರು ಮುಕ್ಕಾಲು ಪಾಲು ಜನರಲ್ಲಿ. ಉಳಿದ ಕಾಲು ಪಾಲಿನವರ ಹೃದಯ ಅದೇ ಅರ್ಧ ಪ್ರಮಾಣದಲ್ಲಿ ಹೇಗೆ ಸರಿಯಾಗಿ ಕಟ್ಟಿಕೊಂಡಿತು? ಕೆಲವರಿಗೆ ಹೆಬ್ಬೆರಳಿನ ಮೂಳೆಯಲ್ಲಿರುವ ವ್ಯತ್ಯಾಸ ಎಕ್ಸ್‌ರೇ ತೆಗೆಸಿದರಷ್ಟೇ ತಿಳಿಯುತ್ತದೆ. ಅಜ್ಜಿಗೆ ಏನೂ ಇಲ್ಲ ಎಂದು ಬರೆದುಕೊಳ್ಳುವ ಮೊದಲು ಅಜ್ಜಿಯ ಕೈ ಹಿಡಿದು ನೋಡಬೇಕು. ನಾಳೆ ಇದನ್ನು ಎರಡು ಸಲ ಹೇಳಬೇಕು.

1998ರ ಎನ್‌ಕೆಎಕ್ಸ್2-5 ಎಂಬ ಜೀನಿನ ಕಥೆ ನನಗೆ ಹೆಚ್ಚು ಹತ್ತಿರದ್ದು, ಏಕೆಂದರೆ ಅದರ ಬೇರು ಹಣ್ಣುನೊಣದಲ್ಲಿದೆ. ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡ್ರೊಸೊಫಿಲಾ ಸಾಕಿದವರಿಗೆ ರವೆ, ಬೆಲ್ಲ, ಅಗರ್ ಸೇರಿಸಿ ಕುದಿಸಿದ ನೊಣದ ಆಹಾರದ ವಾಸನೆ ಜನ್ಮದಲ್ಲಿ ಮರೆಯುವುದಿಲ್ಲ. (ಹೊಸಬರೊಬ್ಬರು ಅದನ್ನು ಕೇಸರಿಬಾತ್ ಎಂದೇ ತಿಳಿದಿದ್ದರು.) ಆ ನೊಣದಲ್ಲಿ ಟಿನ್‌ಮನ್ ಎಂಬ ಜೀನ್ ಇದೆ. ಅದಿಲ್ಲದಿದ್ದರೆ ಭ್ರೂಣದಲ್ಲಿ ಹೃದಯವೇ ಹುಟ್ಟುವುದಿಲ್ಲ ಎಂದು 1993ರಲ್ಲಿ ರಾಲ್ಫ್ ಬಾಡ್ಮರ್ ತೋರಿಸಿದರು. ಮನುಷ್ಯರಲ್ಲಿ ಅದಕ್ಕೆ ಸಾಟಿಯಾದ ಜೀನ್ ಎನ್‌ಕೆಎಕ್ಸ್2-5. ಕೆಲವು ಕುಟುಂಬಗಳಲ್ಲಿ ರಂಧ್ರವೂ ಹೃದಯದ ವಿದ್ಯುತ್ ಸಂಕೇತದ ತಡೆಯೂ ತಲೆಮಾರಿನಿಂದ ತಲೆಮಾರಿಗೆ ಒಟ್ಟಿಗೇ ಇಳಿದುಬರುತ್ತಿದ್ದವು. ಆ ಕುಟುಂಬಗಳಲ್ಲಿ ಈ ಜೀನ್ ಕೆಟ್ಟಿತ್ತು ಎಂದು ಸೀಡ್‌ಮನ್ ತಂಡ ಕಂಡುಕೊಂಡಿತು.

ಇಲ್ಲಿ ಖಾಲಿ ಚೌಕ ಬರೀ ಪಾಂಡಿತ್ಯದ ವಿಷಯವಲ್ಲ. ರಂಧ್ರವನ್ನು ಶಸ್ತ್ರಚಿಕಿತ್ಸೆಯಿಂದ ಮುಚ್ಚಿದ ಮೇಲೂ ಸಂಕೇತದ ತಡೆ ವರ್ಷಗಳು ಕಳೆದಂತೆ ಹೆಚ್ಚುತ್ತದೆ. ರಂಧ್ರವೇ ಇಲ್ಲದ, ತಡೆ ಮಾತ್ರ ಇರುವ ಅಣ್ಣತಮ್ಮಂದಿರೂ ಆ ಮನೆಗಳಲ್ಲಿರುತ್ತಾರೆ. ಇಂಥ ಕುಟುಂಬಗಳಲ್ಲಿ ಹಠಾತ್ ಸಾವುಗಳಾಗಿವೆ. ಚೆನ್ನಾಗಿದ್ದಾನೆ ಎಂದು ಬಿಟ್ಟ ತಮ್ಮನಿಗೆ ಒಂದು ಇಸಿಜಿ ಮಾಡಿಸಿ, ಬೇಕಾದರೆ ಪೇಸ್‌ಮೇಕರ್ ಹಾಕಿಸಿದರೆ ಒಂದು ಜೀವ ಉಳಿಯುತ್ತದೆ. ಜೀನ್ ಸಂಶೋಧನೆಯಿಂದ ಬಡವರಿಗೇನು ಲಾಭ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದು: ಇಸಿಜಿಯನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಿಸಬಹುದು.

ಮಧ್ಯಾಹ್ನ ಊಟವಾದ ಮೇಲೆ ದೊಡ್ಡ ಅಧ್ಯಯನಗಳನ್ನು ತೆಗೆದುಕೊಂಡೆ. ಇಲ್ಲಿಂದ ಮುಂದೆ ಒಂದು ತಂಡ, ಒಂದು ಮನೆತನ ಎಂಬ ಕಾಲ ಮುಗಿಯಿತು. ಸೀಡ್‌ಮನ್ ಸೇರಿ ಹಲವರು ಒಟ್ಟಾಗಿ ಮಗು, ತಾಯಿ, ತಂದೆ ಮೂವರ ಜೀನುಗಳನ್ನೂ ಓದತೊಡಗಿದರು. 2013ರ ಪ್ರಬಂಧದಲ್ಲಿ ತೀವ್ರ ದೋಷವಿದ್ದ 362 ಮಕ್ಕಳು. ಅವರಲ್ಲಿ ಸುಮಾರು ಶೇ. 10ರಷ್ಟು ಮಕ್ಕಳ ದೋಷಕ್ಕೆ ತಂದೆತಾಯಿಯಲ್ಲಿಲ್ಲದೆ ಮಗುವಿನಲ್ಲಿ ಹೊಸದಾಗಿ ಮೂಡಿದ ಬದಲಾವಣೆಗಳು ಕಾರಣವಿರಬಹುದು ಎಂಬ ಅಂದಾಜು. 2015ರಲ್ಲಿ 1,213 ಕುಟುಂಬಗಳು. ಹೃದಯದ ಜೊತೆ ಬೇರೆ ಅಂಗಗಳ ದೋಷವೂ ಬುದ್ಧಿ ಬೆಳವಣಿಗೆಯ ತೊಡಕೂ ಇದ್ದ ಮಕ್ಕಳಲ್ಲಿ ಈ ಪಾಲು ಶೇ. 20, ಹೃದಯದೋಷ ಒಂದೇ ಇದ್ದವರಲ್ಲಿ ಬರೀ ಶೇ. 2.

ಆಸ್ಪತ್ರೆಯವರು ಕರೆದಾಗ ಕುಟುಂಬದವರೊಡನೆ ಮಾತನಾಡಲು ಹೋಗುತ್ತೇನೆ. ಹಿಂದಿನ ತಿಂಗಳು ಒಬ್ಬ ಅತ್ತೆ, ಸೊಸೆಯ ಎದುರಿನಲ್ಲೇ, "ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಿದ್ದಳು ಮೇಡಂ, ಬೇಡ ಬೇಡ ಎಂದರೂ ಕೇಳಲಿಲ್ಲ" ಎಂದರು. ಸೊಸೆ ತಲೆಯೆತ್ತಲಿಲ್ಲ. ಮಗುವಿನ ವರದಿಯಲ್ಲಿದ್ದದ್ದು ಹೊಸದಾಗಿ ಮೂಡಿದ ಬದಲಾವಣೆ. "ಅಮ್ಮಾ, ಇದು ನಿಮ್ಮ ಸೊಸೆಯಿಂದಲೂ ಬಂದಿಲ್ಲ, ನಿಮ್ಮ ಮಗನಿಂದಲೂ ಬಂದಿಲ್ಲ, ಗ್ರಹಣದಿಂದಂತೂ ಅಲ್ಲವೇ ಅಲ್ಲ" ಎಂದೆ. ಅತ್ತೆ ಒಪ್ಪಿದರೋ ಇಲ್ಲವೋ. ಸೊಸೆ ಆ ವರದಿಯ ಇನ್ನೊಂದು ಪ್ರತಿ ಬೇಕೆಂದು ಕೇಳಿ ಪಡೆದುಕೊಂಡಳು.

ಎಲ್ಲ ವರದಿಗಳೂ ಇಷ್ಟು ಸುಲಭವಾಗಿ ಯಾರನ್ನೂ ಬಿಡುಗಡೆ ಮಾಡುವುದಿಲ್ಲ. 2019ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ದೀಪಕ್ ಶ್ರೀವಾಸ್ತವ ಅವರ ತಂಡ ವಿವರಿಸಿದ ಕುಟುಂಬವನ್ನೇ ನೋಡಿ. ಮೂವರು ಮಕ್ಕಳಿಗೂ ಹೃದಯದ ಕೆಳಗಿನ ಎಡ ಕೋಣೆಯ ಒಳಗೋಡೆ ಗಟ್ಟಿಯಾಗದೆ ಸ್ಪಂಜಿನಂತೆ ಉಳಿಯುವ ದೋಷ. ತಂದೆಯಲ್ಲಿ ಎರಡು ಜೀನುಗಳ ಬದಲಾವಣೆ, ಆದರೂ ಆತ ತೊಂದರೆ ಎಂದು ಹೇಳಿಕೊಂಡವನಲ್ಲ. ತಾಯಿಯಲ್ಲಿ ಒಂದೇ ಒಂದು, ಅದೂ ಮೇಲೆ ಹೇಳಿದ ಎನ್‌ಕೆಎಕ್ಸ್2-5ರಲ್ಲಿ, ಆಕೆ ಆರೋಗ್ಯವಂತೆ. ಮೂರೂ ಕೂಡಿದ್ದು ಮಕ್ಕಳಲ್ಲಿ. ಅದೇ ಮೂರು ಬದಲಾವಣೆಗಳನ್ನು ಇಲಿಗಳಲ್ಲಿ ತಂದಾಗ ಅವುಗಳ ಹೃದಯದಲ್ಲೂ ಅಂಥದೇ ದೋಷ ಕಂಡಿತು. ತಂದೆತಾಯಿಯ ಹೃದಯವನ್ನೂ ಜೀನುಗಳನ್ನೂ ಪರೀಕ್ಷಿಸದೆ ಬಿಟ್ಟಿದ್ದರೆ ಈ ಲೆಕ್ಕ ಬಿಡಿಸಲು ಆಗುತ್ತಲೇ ಇರಲಿಲ್ಲ.

ನಮ್ಮ ಕಡೆಯ ವಂಶಾವಳಿಗಳಲ್ಲಿ ಇನ್ನೊಂದು ಗೆರೆ ಬರುತ್ತದೆ. ರಕ್ತಸಂಬಂಧದ ಮದುವೆಗೆ ಜೋಡಿ ಗೆರೆ ಎಳೆಯಬೇಕು; ಸೋದರಮಾವನಿಗೆ ಅಕ್ಕನ ಮಗಳನ್ನು ಕೊಟ್ಟಿದ್ದರೆ ಆತ ಎರಡನೆಯ ಸಾಲಿನಲ್ಲಿ, ಆಕೆ ಮೂರನೆಯ ಸಾಲಿನಲ್ಲಿ, ಗೆರೆ ಓರೆಯಾಗುತ್ತದೆ. ಅಮೆರಿಕದ ಪಠ್ಯಪುಸ್ತಕಗಳಲ್ಲಿ ಅಪರೂಪವಾದ ಈ ಓರೆ ಗೆರೆ ನಮ್ಮ ವಿದ್ಯಾರ್ಥಿಗಳ ಸ್ವಂತ ಮನೆಗಳಲ್ಲೇ ಸಿಗುತ್ತದೆ. 1980ರ ದಶಕದಲ್ಲಿ ಜೀವರಸಾಯನ ವಿಜ್ಞಾನಿ ಅಪ್ಪಾಜಿ ರಾವ್ ಅವರ ತಂಡ ಬೆಂಗಳೂರು, ಮೈಸೂರುಗಳಲ್ಲಿ ನವಜಾತ ಶಿಶುಗಳನ್ನು ತಪಾಸಣೆ ಮಾಡಿದಾಗ ಸುಮಾರು ಮೂರನೇ ಒಂದು ಭಾಗದ ತಂದೆತಾಯಂದಿರು ಒಳಸಂಬಂಧದವರಾಗಿದ್ದರು. ಅಂಥ ಮದುವೆಗಳಿಂದ ಹೃದಯದ ಹುಟ್ಟುದೋಷಗಳು ಹೆಚ್ಚುತ್ತವೆ ಎಂದು ಮೈಸೂರು ವಿಶ್ವವಿದ್ಯಾನಿಲಯದ ರಾಮೇಗೌಡ ಮತ್ತು ರಾಮಚಂದ್ರ 2006ರಲ್ಲಿ ಬರೆದರು. ಒಪ್ಪುತ್ತೇನೆ. ಆದರೂ ಅದೇ ದಂಪತಿಗಳಿಗೆ ಹುಟ್ಟಿ ಯಾವ ತೊಂದರೆಯೂ ಇಲ್ಲದೆ ಬೆಳೆದ ಮಕ್ಕಳೇ ಹೆಚ್ಚು. ಅವರಲ್ಲಿ ದೋಷವನ್ನು ತಡೆದದ್ದು ಯಾವುದು ಎಂಬ ಪ್ರಶ್ನೆಗೆ ಕರ್ನಾಟಕಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುತ್ತಿಲ್ಲ.

ಸಂಜೆ ಅನುದಾನದ ಅರ್ಜಿಯನ್ನೂ ತೆರೆದೆ. ರೋಗಿಗಳ ಸಂಖ್ಯೆ ಬರೆಯಲು ಒಂದು ಅಂಕಣವಿದೆ, ಅವರ ಆರೋಗ್ಯವಂತ ಒಡಹುಟ್ಟಿದವರಿಗೆ ಇಲ್ಲ. ಪ್ರತಿ ರೋಗಿಗೆ ಇಬ್ಬರು ಒಡಹುಟ್ಟಿದವರ ಎಕೋ (ಹೃದಯದ ಸ್ಕ್ಯಾನ್) ಮತ್ತು ಇಸಿಜಿ ಖರ್ಚನ್ನು "ಇತರೆ" ಎಂಬಲ್ಲಿ ತುಂಬಿದ್ದೇನೆ. ಸಮಿತಿಯವರು ಅದನ್ನೇ ಮೊದಲು ಹೊಡೆದುಹಾಕುತ್ತಾರೆ ಎಂದು ಗೊತ್ತಿರುವುದರಿಂದ ಸಮರ್ಥನೆಗೆ ಒಂದೂವರೆ ಪುಟ ಬರೆದಾಗಿದೆ.