ಎದ್ದು ಕೂತವರನ್ನು ಉಳಿಸಿಕೊಳ್ಳುವ ಕೆಲಸ

ನೋಡುವವರಿಗೆ ಪವಾಡ ಅನ್ನಿಸುವ ಚಿಕಿತ್ಸೆ ಮಾಡುವವರಿಗೆ ಎಷ್ಟೋ ಸಲ ಸಲೀಸು. ಹೌಸ್ ಸರ್ಜನ್ ಆಗಿದ್ದಾಗ ಕ್ಯಾಶುವಾಲ್ಟಿಯಲ್ಲಿ ಒಂದು ರಾತ್ರಿ ಇದು ಮನದಟ್ಟಾಯಿತು.

ಎಪ್ಪತ್ತು ದಾಟಿದ ಅಜ್ಜಿ. ಮಾತಿಲ್ಲ, ಮೈಯೆಲ್ಲ ಬೆವರು, ಬಲಗೈ ಎತ್ತಲಾಗುತ್ತಿಲ್ಲ. "ಲಕ್ವ ಹೊಡೆದಿದೆ ಡಾಕ್ಟ್ರೇ, ಬೇಗ ಸ್ಕ್ಯಾನ್ ಮಾಡ್ಸಿ" ಎಂದು ಮಗ ಅವಸರಿಸುತ್ತಿದ್ದರು. ಸ್ಕ್ಯಾನಿಗೂ ಮುಂಚೆ ಬೆರಳು ಚುಚ್ಚಿ ಸಕ್ಕರೆ ನೋಡಬೇಕು. ಗ್ಲುಕೋಮೀಟರ್ 31 ತೋರಿಸಿತು. 70ಕ್ಕಿಂತ ಇಳಿದರೇ ಕಡಿಮೆ. ಮಿದುಳಿಗೆ ಗ್ಲೂಕೋಸ್ ಕೂಡಿಟ್ಟುಕೊಳ್ಳಲು ಬರುವುದಿಲ್ಲ. ಹಾಗಾಗಿ ರಕ್ತದಲ್ಲಿ ಅದು ಇಷ್ಟು ಕುಸಿದಾಗ ಒಮ್ಮೊಮ್ಮೆ ಥೇಟ್ ಲಕ್ವದಂತೆಯೇ ಒಂದು ಪಕ್ಕ ಸೋಲುತ್ತದೆ. 25% ಡೆಕ್ಸ್ಟ್ರೋಸ್, ಅಂದರೆ ಗ್ಲೂಕೋಸ್ ದ್ರಾವಣ, 100 ಎಂಎಲ್ ರಕ್ತನಾಳಕ್ಕೆ ಹೋಯಿತು. ಸ್ವಲ್ಪ ಹೊತ್ತಿಗೆ ಅಜ್ಜಿ ಕಣ್ಣುಬಿಟ್ಟು, ಅದೇ ಬಲಗೈಯಿಂದ ನನ್ನ ಕೈ ತಳ್ಳಿ "ಯಾಕಪ್ಪಾ ಚುಚ್ತೀಯ?" ಅಂದರು.

ಮಗ ಕೈಮುಗಿದರು. ಹಿಂದೆಯೇ, "ಹಾಗಾದ್ರೆ ಮನೆಗೆ ಕರ್ಕೊಂಡು ಹೋಗ್ಬಹುದಾ?"

ಕಷ್ಟ ಶುರುವಾದದ್ದು ಆಗ. ತಾಯಿ ಸಕ್ಕರೆ ಕಾಯಿಲೆಗೆ ನುಂಗುತ್ತಿದ್ದದ್ದು ಗ್ಲಿಬೆನ್‌ಕ್ಲಮೈಡ್, ಸಲ್ಫೋನಿಲ್‌ಯೂರಿಯಾ ಗುಂಪಿನ ಮಾತ್ರೆ. ಇನ್ಸುಲಿನ್ ಹೊರಡಿಸಿ ಸಕ್ಕರೆ ಇಳಿಸುವ ಈ ಮಾತ್ರೆಯ ಪ್ರಭಾವ ಇಡೀ ದಿನ ಉಳಿಯಬಲ್ಲದು, ಕಿಡ್ನಿ ಸೋತಿದ್ದರೆ ಇನ್ನೂ ಹೆಚ್ಚು. ನಾನು ಕೊಟ್ಟ ಗ್ಲೂಕೋಸ್ ಬೇಗ ಖರ್ಚಾಗಿಬಿಡುತ್ತದೆ. ಆದರೆ ತಾಯಿ ಎದುರಿಗೇ ಕೂತು ಹರಟುತ್ತಿರುವಾಗ ಮಗ ಇದನ್ನು ನಂಬುವುದು ಹೇಗೆ? "ಚೆನ್ನಾಗೇ ಇದ್ದಾರಲ್ಲ, ಬಿಲ್ ಏರಿಸೋಕಾ?" ಎಂದರು. ಸಿಟ್ಟು ಬಂತು. ಆದರೂ ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆನೇನೋ. ಚೀಟಿಯ ಹಿಂಬದಿ ಎರಡು ಗೆರೆ ಎಳೆದೆ: ಗ್ಲೂಕೋಸಿನದು ಗಿಡ್ಡ, ಮಾತ್ರೆಯದು ಉದ್ದ. "ಗಿಡ್ಡ ಗೆರೆ ಮುಗಿದಾಗ ಅಮ್ಮ ನಿದ್ದೆಯಲ್ಲಿರ್ತಾರೆ. ನಿದ್ದೆಯೋ, ಎಚ್ಚರ ತಪ್ಪಿದ್ದೋ, ನಿಮಗೆ ಹೇಗೆ ಗೊತ್ತಾಗುತ್ತೆ?" ಅವರು ಮಾತಾಡದೆ ಸ್ಟೂಲ್ ಎಳೆದುಕೊಂಡು ಕೂತರು.

ಗ್ಲೂಕೋಸ್ ಡ್ರಿಪ್ ಓಡುತ್ತಿದ್ದರೂ ಬೆಳಗಿನ ಜಾವ ಸಕ್ಕರೆ ಮತ್ತೆ 52ಕ್ಕೆ ಇಳಿಯಿತು. ರೌಂಡ್ಸಿಗೆ ಬಂದ ಹಿರಿಯ ವೈದ್ಯರು ಅಜ್ಜಿ ಎದ್ದು ಕೂತ ಕತೆಯನ್ನು ಅರ್ಧಕ್ಕೇ ನಿಲ್ಲಿಸಿ "ಕ್ರಿಯಾಟಿನಿನ್ ಎಷ್ಟು?" ಎಂದರು. ಕಿಡ್ನಿ ಸೋತಂತೆ ರಕ್ತದಲ್ಲಿ ಏರುವ ಅಂಶ ಅದು; 2.4 ಇತ್ತು, ಹೆಚ್ಚೇ. ಮಾತ್ರೆ ಹಳೆಯದೇ, ಡೋಸೂ ಹಳೆಯದೇ, ಬದಲಾದದ್ದು ಕಿಡ್ನಿ. ಡ್ರಿಪ್ ತೆಗೆದ ಮೇಲೂ ಸಕ್ಕರೆ ಇಳಿಯದಿದ್ದುದನ್ನು ನೋಡಿಕೊಂಡು, ಡಿಸ್ಚಾರ್ಜ್ ಚೀಟಿಯಲ್ಲಿ ಆ ಮಾತ್ರೆಯ ಹೆಸರು ಬರೆದು 'ನಿಲ್ಲಿಸಿದೆ' ಎಂದು ಅಡಿಗೆರೆ ಎಳೆದು, ಮನೆಯಲ್ಲಿ ಉಳಿದ ಸ್ಟ್ರಿಪ್ಪುಗಳನ್ನೂ ತೆಗೆದುಹಾಕಲು ಮಗನಿಗೆ ಹೇಳಿ ಕಳಿಸಿದೆವು.